ಗುಡ್ಡ, ಬ್ಯಾಣ (ಹುಲ್ಲುಗಾವಲು), ಕಾಡುದಾರಿಯಲ್ಲಿ ಓಟ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಕೆಸರು ಮೆತ್ತಿದ ಶೂನಲ್ಲೇ ಹೋಟೆಲ್ ಮುಂದೆ ನಿಂತು ಕಾಫಿ ಕುಡಿಯುತ್ತಿದ್ದರೆ ಯಾರಾದರೂ ಕೇಳೇ ಕೇಳುತ್ತಾರೆ. ಎಲ್ಲಿ ಓಡಿದ್ರಿ? ಆನೆ ಸಿಗಲ್ವಾ? ಯಾರೂ ಏನೂ ಅನ್ನಲ್ವಾ? ನಾನು ಚಿಕ್ಕಮಗಳೂರಿನವನು. ಹಲವು ವರ್ಷದಿಂದ ಗಿರಿಯ (ಮುಳ್ಳಯ್ಯನಗಿರಿ ಸಾಲಿನ) ಕಡೆಗೂ, ತೋಟದ ದಾರಿಗಳಲ್ಲೂ, ಆಗಾಗ ಸಕಲೇಶಪುರದ ಕಡೆಗೂ ಓಡುತ್ತಿದ್ದೇನೆ. ಜೋರಾಗಿ ಓಡುವವನೇನಲ್ಲ. ಹಾಸನ, ಬೆಂಗಳೂರಿನಿಂದ ಬರುವ ಗೆಳೆಯರು ಕೇಳಿದ್ದನ್ನೇ ಕೇಳುತ್ತಾರೆ, ನಾನು ಹೇಳಿದ್ದನ್ನೇ ಹೇಳುತ್ತೇನೆ. ಅದಕ್ಕೆ ಒಂದು ಕಡೆ ಬರೆದಿಟ್ಟಿದ್ದೇನೆ.

ಟ್ರೇಲ್ ರನ್ನಿಂಗ್ ಅಂದ್ರೆ ಟ್ರೆಕ್ಕಿಂಗೇ ಅಲ್ವಾ?

ಅರ್ಧ ಹೌದು. ಡಾಂಬರು ಬಿಟ್ಟು ಮಣ್ಣು, ಕಲ್ಲು, ಹುಲ್ಲಿನ ದಾರಿಯಲ್ಲಿ ಓಡುವುದು ಟ್ರೇಲ್ ರನ್ನಿಂಗ್. ಕಡಿದಾದ ಕಡೆ ಎಲ್ಲರೂ ನಡೆಯುತ್ತಾರೆ, ಗೆಲ್ಲುವವರೂ ನಡೆಯುತ್ತಾರೆ. ಅದರಲ್ಲಿ ನಾಚಿಕೆ ಏನಿಲ್ಲ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಕಡೆ ಬೋಳುಗುಡ್ಡಗಳ ಮೇಲೆ ಓಡುವುದು ಹಳೇ ಚಟ. ಅಲ್ಲಿ 1932ರಲ್ಲಿ ಬಾಬ್ ಗ್ರಹಾಂ ಅನ್ನುವವರು 24 ಗಂಟೆಯೊಳಗೆ 42 ಗುಡ್ಡ ಹತ್ತಿಳಿದರು. ಇವತ್ತಿಗೂ ಜನ ಅದೇ ಸುತ್ತು ಹಾಕಲು ಹೋಗುತ್ತಾರೆ. ನಮ್ಮಲ್ಲಿ ಬೋಳುಗುಡ್ಡ, ಕಾಡು ಎರಡೂ ಒಟ್ಟಿಗೇ ಇವೆ. ಗಾಳಿ ಬೀಸುವ ನೆತ್ತಿಯಲ್ಲಿ ಹುಲ್ಲು, ಗುಡ್ಡದ ಸಂದಿಗಳಲ್ಲಿ ಶೋಲಾ ಅನ್ನುವ ದಟ್ಟ ಹಸಿರು ಕಾಡು, ಕೆಳಗೆ ಕಾಫಿ ತೋಟ. ಒಂದೇ ಬೆಳಗಿನ ಓಟದಲ್ಲಿ ಮೂರೂ ಸಿಗುತ್ತವೆ.

ರಸ್ತೆಯಲ್ಲಿ 10 ಕಿ.ಮೀ. ಒಂದು ಗಂಟೆಗೆ ಓಡ್ತೀನಿ. ಗುಡ್ಡದಲ್ಲಿ ಎಷ್ಟಾಗುತ್ತೆ?

ಕಿಲೋಮೀಟರ್ ಲೆಕ್ಕ ಮರೆತುಬಿಡಿ. ಏರು ಎಷ್ಟಿದೆ ಅಂತ ಕೇಳಿ. ನೇಸ್ಮಿತ್ ಅನ್ನುವ ಸ್ಕಾಟ್ಲೆಂಡಿನವರು 1892ರಲ್ಲೇ ಒಂದು ಲೆಕ್ಕ ಹೇಳಿದ್ದಾರೆ. ನಡೆಯುವವರಿಗೆ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 10 ಕಿ.ಮೀ. ದಾರಿಯಲ್ಲಿ 600 ಮೀಟರ್ ಏರು ಇದ್ದರೆ ಮೂರು ಗಂಟೆ. ಮೊದಲ ಸಲ ಓಡುವವರು ಈ ಮೂರು ಗಂಟೆಯನ್ನೇ ಹಿಡಿದು ನೀರು, ತಿಂಡಿ ಕಟ್ಟಿಕೊಂಡು ಹೊರಡಲಿ. ಬೇಗ ಮುಗಿದರೆ ಲಾಭ. ಚಿಕ್ಕಮಗಳೂರು ಊರೇ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ 1,930 ಮೀಟರ್. ನಡುವಿನ ಆ 840 ಮೀಟರ್ ಎಷ್ಟು ಅನ್ನೋದು ತೊಡೆಗೆ ಗೊತ್ತಾಗುತ್ತೆ.

ಮೊದಲ ಸಲ ಎಲ್ಲಿ ಓಡಲಿ?

ಮುಳ್ಳಯ್ಯನಗಿರಿಯಲ್ಲಂತೂ ಬೇಡ. ಹಾಸನದವರು ಗೆಂಡೆಕಟ್ಟೆಯ ಕಡೆ ಮಣ್ಣುದಾರಿಯಲ್ಲಿ ಕಾಲು ಪಳಗಿಸಿಕೊಳ್ಳಲಿ. ಚಿಕ್ಕಮಗಳೂರಿನವರಿಗೆ ಹಿರೇಕೊಳಲೆ ಕೆರೆ ಕಡೆಯ ದಾರಿ ಇದೆ. ಏರಿಳಿತ ಇದೆ, ಜನ ಓಡಾಡುತ್ತಾರೆ, ಗಿರಿ ಎದುರಿಗೇ ಕಾಣುತ್ತೆ. ಎರಡು ಮೂರು ತಿಂಗಳಾದ ಮೇಲೆ ಗಿರಿಯ ಬುಡದ ಕೈಮರದಿಂದ ಮೇಲಕ್ಕೆ ಹತ್ತಿ. ಸರ್ಪದಾರಿ ಮೂರ್ನಾಲ್ಕು ಕಿಲೋಮೀಟರ್ ಅಷ್ಟೇ. ಆದರೆ ಹಾವಿನ ಹಾಗೆ ಸುತ್ತಿಕೊಂಡು ಮುಳ್ಳಯ್ಯನಗಿರಿಯ ನೆತ್ತಿಗೆ ಹತ್ತುತ್ತೆ, ಓಡುವುದಕ್ಕಿಂತ ಏದುಸಿರು ಬಿಡುವುದೇ ಜಾಸ್ತಿ. ಮೇಲೆ ಮುಳ್ಳಪ್ಪಸ್ವಾಮಿ ಗುಡಿ ಇದೆ, ಶೂ ಕಳಚಿ ಒಳಗೆ ಹೋಗಿ. ಸ್ಟಾಪ್‌ವಾಚ್ ನಿಲ್ಲಿಸದೆ ಗುಡಿ ಗೋಡೆ ಮುಟ್ಟಿ ಓಡುವವರನ್ನು ನೋಡಿದ್ದೇನೆ, ನನಗೆ ಸರಿ ಕಾಣಲ್ಲ.

ಹಾಸನದ ಕೆಲವರು ಶ್ರವಣಬೆಳಗೊಳದ ಮೆಟ್ಟಿಲಲ್ಲಿ ತರಬೇತಿ ಮಾಡಬಹುದಾ ಅಂತ ಕೇಳುತ್ತಾರೆ. ಅಲ್ಲಿ ಬರಿಗಾಲಲ್ಲೇ ಹತ್ತಬೇಕು, ವಯಸ್ಸಾದವರು ಕೈಹಿಡಿ ಹಿಡಿದು ಹತ್ತುತ್ತಿರುತ್ತಾರೆ. ಅವರ ಮಧ್ಯೆ ಓಡಬೇಡಿ.

ಯಾರನ್ನು ಕೇಳಬೇಕು? ಎಲ್ಲ ದಾರಿಯೂ ಎಲ್ಲರದ್ದು ಅಲ್ವಾ?

ಅಲ್ಲ. ನಮ್ಮ ಕಡೆ ಯಾರದ್ದೂ ಅಲ್ಲದ ದಾರಿ ಅಂತ ಇಲ್ಲ. ಒಂದೋ ತೋಟದ್ದು, ಇಲ್ಲ ಅರಣ್ಯ ಇಲಾಖೆಯದ್ದು, ಇಲ್ಲ ದೇವರದ್ದು.

ತೋಟದ ದಾರಿಯಾದರೆ ಹಿಂದಿನ ದಿನವೇ ಕೇಳಿ. ಸಾಹುಕಾರರು ಬೆಂಗಳೂರಲ್ಲಿದ್ದರೂ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ತೋಟದಲ್ಲೇ ಇರುತ್ತಾರೆ. ಅವರ ಮಾತೇ ಕೊನೆ. 'ಅಣ್ಣಾ, ನಾಳೆ ಬೆಳಿಗ್ಗೆ ಐದು ಜನ ಓಡ್ತಾ ಬರ್ತೀವಿ, ಆ ಮೇಲಿನ ಗೇಟಿಂದ ಕೆಳಗಿನ ಗೇಟಿಗೆ' ಅಂದರೆ ಸಾಕು. ಬಹಳಷ್ಟು ಜನ ಬೇಡ ಅನ್ನುವುದಿಲ್ಲ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಜನವರಿಯಿಂದ ರೋಬಸ್ಟಾ. ಆಗ ಚೀಲ ತುಂಬಿದ ಟ್ರ್ಯಾಕ್ಟರ್ ಓಡಾಡುತ್ತೆ, ಕೊಯ್ಯುವವರು ಏಣಿ ಹಾಕಿರುತ್ತಾರೆ. ಅಂಥ ಸಮಯದಲ್ಲಿ ಬೇಡ ಅಂದರೆ ಮುಖ ಸಿಂಡರಿಸಬೇಡಿ. ಉಣುಗೋಲು (ಬೇಲಿಯ ಬಾಯಿಗೆ ಅಡ್ಡ ಹಾಕುವ ಗಳ) ಸರಿಸಿ ಒಳಗೆ ಹೋದವರು ತಿರುಗಿ ಹಾಕಿಯೇ ಮುಂದೆ ಹೋಗಬೇಕು, ಕೊನೆಯವನ ಜವಾಬ್ದಾರಿ ಅದು. ಯಾರೋ ಒಬ್ಬ ಓಟಗಾರ ತೆಗೆದಿಟ್ಟ ಉಣುಗೋಲಿನಿಂದ ದನ ನುಗ್ಗಿ ಸಸಿ ಮಡಿ ತಿಂದು ಹಾಕಿದ ಮೇಲೆ, ಒಂದು ಒಳ್ಳೇ ದಾರಿ ನಮ್ಮೆಲ್ಲರಿಗೂ ಮುಚ್ಚಿಹೋಯಿತು. ಅದು ನನ್ನ ಗುಂಪಿನವನೇ. ಇವತ್ತಿಗೂ ಬೇಜಾರಿದೆ.

ಕಾಡಿನ ವಿಷಯ ಇನ್ನೂ ಕಟ್ಟುನಿಟ್ಟು. ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಕುದುರೆಮುಖ ರಾಷ್ಟ್ರೀಯ ಉದ್ಯಾನ, ಇವುಗಳ ಒಳಗೆ ಅನುಮತಿ ಇಲ್ಲದೆ ಕಾಲಿಡುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಕುದುರೆಮುಖ ಶಿಖರದ ಚಾರಣಕ್ಕೆ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಗಡ ಟಿಕೆಟ್ ಮಾಡಿಸಬೇಕು, ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಇದೆ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಕಾಡಿನ ಚಾರಣ ಮುಚ್ಚುತ್ತಾರೆ. ಹೊರಡುವ ವಾರದಲ್ಲೇ ಒಮ್ಮೆ ವಿಚಾರಿಸಿಕೊಳ್ಳಿ, ಹೋದ ವರ್ಷದ ಮಾಹಿತಿ ನಂಬಬೇಡಿ.

ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿ ಮೇಲೆ ಓಡಬಹುದಾ? ಬೇಡ. ಸುರಂಗದೊಳಗೆ ರೈಲು ಬಂದರೆ ನಿಲ್ಲಲು ಜಾಗ ಎಲ್ಲಿದೆ? ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲ ಸಾವಿರ ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಹಳೇ ಫೋಟೋ ನೋಡಿ ಆಸೆಪಡಬೇಡಿ.

ಇನ್ನು ದೇವೀರಮ್ಮನ ಬೆಟ್ಟ. ಅದು ದೀಪಾವಳಿಗೆ ಹತ್ತುವ ಬೆಟ್ಟ. ಆ ರಾತ್ರಿ ಒಮ್ಮೆ ಹೋಗಿ ನೋಡಿ, ಓಡುವುದಕ್ಕಲ್ಲ. ಸೀರೆ ಎತ್ತಿ ಕಟ್ಟಿದ ಅಜ್ಜಿಯರು ಬರಿಗಾಲಲ್ಲಿ, ಸೌದೆ ತುಂಡು ಹಿಡಿದುಕೊಂಡು ಕೆಸರಿನಲ್ಲಿ ಹತ್ತುತ್ತಾರೆ. ಒಂದೇ ಸಮನೆ ಸಣ್ಣ ಸಣ್ಣ ಹೆಜ್ಜೆ, ಎಲ್ಲೂ ನಿಲ್ಲುವುದಿಲ್ಲ. ಏರು ಹತ್ತುವ ಪಾಠ ನನಗೆ ಅಲ್ಲೇ ಆಗಿದ್ದು.

ಆನೆ ಎದುರಾದರೆ ಏನು ಮಾಡೋದು?

ಎದುರಾಗದ ಹಾಗೆ ನೋಡಿಕೊಳ್ಳೋದು. ಇದು ತಮಾಷೆಯ ಉತ್ತರ ಅಲ್ಲ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯ ತೋಟಗಳಲ್ಲಿ ಆನೆ ಎಂದೋ ಒಮ್ಮೆ ಬಂದು ಹೋಗುವ ನೆಂಟ ಅಲ್ಲ, ಅಲ್ಲೇ ಇರುವ ನೆರೆಯವನು. ಪ್ರತಿ ವರ್ಷ ಜನ ಸಾಯುತ್ತಿದ್ದಾರೆ. ಸತ್ತವರಲ್ಲಿ ಹೆಚ್ಚಿನವರು ಬೆಳಿಗ್ಗೆ ಕೆಲಸಕ್ಕೆ ಹೊರಟ ಕೂಲಿಯವರು, ತೋಟ ನೋಡಲು ಹೋದ ಬೆಳೆಗಾರರು. ಶೋಕಿಗೆ ಓಡುವ ನಮಗೆ ಅಲ್ಲಿ ಧೈರ್ಯ ತೋರಿಸುವ ಹಕ್ಕಿಲ್ಲ.

ಒಂದು ಡಿಸೆಂಬರ್. ಸಕಲೇಶಪುರದ ಕಡೆಯ ಒಂದು ತೋಟ. ಆರು ಗಂಟೆಗೆ ಹೊರಡುವುದು ಅಂತ ಮಾತಾಗಿತ್ತು. ಗೇಟಿನಲ್ಲಿ ರೈಟರ್ ಮಫ್ಲರ್ ಸುತ್ತಿಕೊಂಡು, ಟಾರ್ಚ್ ಹಿಡಿದು ನಿಂತಿದ್ದರು. 'ರಾತ್ರಿ ಲೈನ್ ಮನೆ ಹಿಂದೆ ಬಾಳೆ ಮುರಿದಿದೆ ಸಾರ್, ಒಂಟಿ. ಆ ಕಡೆ ದಾಟಿದ್ದು ಯಾರೂ ನೋಡಿಲ್ಲ.' ಲೈನ್ ಮನೆ ಅಂದರೆ ಕೂಲಿಯವರ ಸಾಲುಮನೆ, ಒಂಟಿ ಅಂದರೆ ಒಂಟಿ ಆನೆ. ಎರಡೂವರೆ ಗಂಟೆ ಅವರ ಮನೆ ಜಗಲಿಯಲ್ಲಿ ಕೂತೆವು. ಅವರ ಮನೆಯವರು ಅಕ್ಕಿರೊಟ್ಟಿ ಕೊಟ್ಟರು. ಎಂಟೂವರೆಗೆ ಅವರೇ ಮುಂದೆ ನಡೆದರು, ನಾವು ಹಿಂದೆ. ಮುನ್ನೂರು ಹೆಜ್ಜೆ ಹೋಗಿರಬಹುದು, ದಾರಿ ಮಧ್ಯದಲ್ಲೇ ಲದ್ದಿ. ರೈಟರ್ ಕೂತು ಹಿಂಗೈ ತಾಗಿಸಿ ನೋಡಿದರು. ಕಡ್ಡಿಯಲ್ಲಿ ಕೆದಕಿದರೆ ಒಳಗೆ ಇಡಿ ಇಡಿ ಕಾಫಿ ಬೀಜ. ಪಕ್ಕದಲ್ಲಿ ತಟ್ಟೆ ಅಗಲದ ಹೆಜ್ಜೆ, ಅದರಲ್ಲಿ ನಿಂತ ನೀರು ಇನ್ನೂ ರಾಡಿಯಾಗಿತ್ತು. ತಿಳಿಯಾಗಿರಲಿಲ್ಲ. ಅವರು ಎದ್ದು ನಿಂತು ಒಂದೇ ಮಾತು ಹೇಳಿದರು: 'ವಾಪಸ್.' ಆ ದಿನ ಗಡಿಯಾರದಲ್ಲಿ ದಾಖಲಾದ ದೂರ 600 ಮೀಟರ್.

ಅವತ್ತಿನಿಂದ ನಮ್ಮ ಗುಂಪಿನ ಪದ್ಧತಿ ಹೀಗಿದೆ. ಕತ್ತಲಲ್ಲಿ ತೋಟಕ್ಕೂ ಕಾಡಿಗೂ ಇಳಿಯಲ್ಲ, ಬೆಳಕು ಚೆನ್ನಾಗಿ ಹರಿಯಬೇಕು. ಅರಣ್ಯ ಇಲಾಖೆ ಮೊಬೈಲ್‌ಗೆ, ವಾಟ್ಸಾಪ್ ಗುಂಪಿಗೆ ಕಳಿಸುವ ಆನೆ ಸಂದೇಶ ನೋಡದೆ ಹೊರಡಲ್ಲ. ಕಿವಿಗೆ ಇಯರ್‌ಫೋನ್ ಇಲ್ಲ. ಬಿದಿರು ಮುರಿಯುವ ಸದ್ದು, ಹೊಟ್ಟೆಯ ಗುಡುಗುಡು ಸದ್ದು ಕೇಳಿದರೆ ಅಲ್ಲೇ ನಿಂತು, ಸುಮ್ನೆ ಬಂದ ದಾರಿಯಲ್ಲೇ ಹಿಂದಕ್ಕೆ. ಫೋಟೋ ಇಲ್ಲ. ಹಲಸು ಹಣ್ಣಾಗುವ ಕಾಲದಲ್ಲಿ ಹಲಸಿನ ಮರದ ಕೆಳಗಿನ ದಾರಿಯೇ ಬೇಡ. ಓಡಿ ತಪ್ಪಿಸಿಕೊಳ್ಳುತ್ತೇನೆ ಅನ್ನುವವರಿಗೆ: ಆನೆ ಗಂಟೆಗೆ 25 ಕಿ.ಮೀ. ವೇಗದಲ್ಲಿ ಬರಬಲ್ಲದು, ಗಿಡ, ಬೇಲಿ ಅದಕ್ಕೆ ಲೆಕ್ಕಕ್ಕಿಲ್ಲ. ನಿಮಗೆ ಲೆಕ್ಕಕ್ಕಿದೆ.

ಅಂದಹಾಗೆ ಬೇಲಿ ಅಂದರೆ ಇಲ್ಲಿ ಸೋಲಾರ್ ತಂತಿ, ಊರಲ್ಲಿ ಐಬೆಕ್ಸ್ ಅಂತಾರೆ. ಬೆವರಿದ ಕೈಯಲ್ಲಿ ಮುಟ್ಟಬೇಡಿ. ಒಮ್ಮೆ ಮುಟ್ಟಿದವರಿಗೆ ಎರಡನೇ ಸಲ ಹೇಳಬೇಕಾಗಿಲ್ಲ.

ಕಾಟಿಗೂ (ಕಾಡುಕೋಣ) ಹೆಚ್ಚು ಕಮ್ಮಿ ಇದೇ ಮಾತು. ಗುಂಪಿನಲ್ಲಿದ್ದರೆ ಅವೇ ಸರಿದುಹೋಗುತ್ತವೆ, ಒಂಟಿಯಾಗಿದ್ದರೆ ನೀವು ಸರಿಯಿರಿ.

ಮಳೆಗಾಲದಲ್ಲಿ ಓಡಬಹುದಾ? ಉಂಬಳ (ಜಿಗಣೆ)?

ಓಡಬಹುದು, ಆದರೆ ಹಳ್ಳ ದಾಟುವ ದಾರಿ ಬೇಡ. ಜುಲೈನಲ್ಲಿ ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಎರಡು ಗಂಟೆಯಲ್ಲಿ ಸೊಂಟಕ್ಕೆ ಬರುತ್ತೆ. ಅಡಿಕೆ ಮರದ ಸಂಕದ (ಕಾಲುಸೇತುವೆ) ಮೇಲೆ ಟ್ರೇಲ್ ಶೂ ಕೂಡ ಜಾರುತ್ತೆ, ಕೂತು ದಾಟಿ.

ಉಂಬಳ ಹತ್ತೇ ಹತ್ತುತ್ತೆ. ಓಡುತ್ತಿದ್ದರೆ ಕಮ್ಮಿ, ನಿಂತರೆ ಜಾಸ್ತಿ. ಉದ್ದ ಕಾಲುಚೀಲ ಹಾಕಿ, ಅದಕ್ಕೆ ಹೊಗೆಸೊಪ್ಪು ನೆನೆಸಿದ ನೀರು ಸವರಿ. ಉಪ್ಪು ಬೆರೆಸಿದ ಕೊಬ್ಬರಿ ಎಣ್ಣೆಯೂ ಆಗುತ್ತೆ, ಜೋರು ಮಳೆ ಬಂದರೆ ತೊಳೆದುಹೋಗುತ್ತೆ ಅಷ್ಟೇ. ಹತ್ತಿದ್ದನ್ನು ಕಿತ್ತು ಎಳೆಯುವ ಬದಲು ಉಗುರಿನಿಂದ ಪಕ್ಕಕ್ಕೆ ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಮಾಡಿಟ್ಟಿರುತ್ತೆ, ಅದಕ್ಕೇ ಅರ್ಧ ಗಂಟೆಯಾದರೂ ಸೋರುತ್ತಿರುತ್ತೆ. ಗಾಬರಿ ಬೇಡ. ಬಿಳಿ ಕಾಲುಚೀಲ ಮಾತ್ರ ಹಾಕಬೇಡಿ, ಮನೆಯಲ್ಲಿ ಬೈಸಿಕೊಳ್ಳುತ್ತೀರಿ.

ಉಂಬಳ ಇಲ್ಲದ ಕಾಲದಲ್ಲಿ ಆರಾಮ ಅಲ್ವಾ?

ಆಗ ಉಣ್ಣೆ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ. ನನಗೆ ಉಂಬಳಕ್ಕಿಂತ ಉಣ್ಣೆಯ ಭಯವೇ ಜಾಸ್ತಿ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ನಮ್ಮ ಜಿಲ್ಲೆಯ ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆಯೂ ಕಾಣಿಸಿಕೊಂಡಿದೆ. ಡಿಸೆಂಬರ್‌ನಿಂದ ಮೇವರೆಗೆ ಒಣ ಎಲೆ ಬಿದ್ದ ಕಾಡುದಾರಿಯಲ್ಲಿ ಹುಷಾರು. ಮಂಗ ಸತ್ತ ಸುದ್ದಿ ಇರುವ ಕಡೆಗೆ ಹೋಗಲೇಬೇಡಿ. ಕೈಕಾಲಿಗೆ ಉಣ್ಣೆ ಹತ್ತದ ಹಾಗೆ ತಡೆಯುವ ಡೆಪಾ ಎಣ್ಣೆ ಹಚ್ಚಿ, ಎಲೆ ರಾಶಿ ಮೇಲೆ ಕೂರಬೇಡಿ, ಮನೆಗೆ ಬಂದ ತಕ್ಷಣ ಬಿಸಿನೀರಲ್ಲಿ ಸೋಪು ಹಾಕಿ ಸ್ನಾನ ಮಾಡಿ. ತೊಡೆಸಂದು, ಕಂಕುಳು, ಕಿವಿ ಹಿಂದೆ ನೋಡಿಕೊಳ್ಳಿ. ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ 'ಕಾಡಿಗೆ ಹೋಗಿದ್ದೆ' ಅಂತ ಮೊದಲು ಹೇಳಿ. ಕಾಯಿಲೆಗೇ ಅಂತ ಬೇರೆ ಔಷಧಿ ಇಲ್ಲ. ಬೇಗ ಗೊತ್ತಾದರೆ ಆರೈಕೆ ಬೇಗ ಸಿಗುತ್ತೆ.

ಹಾವು?

ನಿಮ್ಮ ಹೆಜ್ಜೆ ಸದ್ದಿಗೆ ಬಹಳಷ್ಟು ಸರಿದುಹೋಗುತ್ತವೆ. ಮಂಡಲದ ಜಾತಿಯವು ಮಾತ್ರ ಅಲ್ಲಾಡದೆ ಬಿದ್ದಿರುತ್ತವೆ, ಅದಕ್ಕೇ ಮರದ ದಿಮ್ಮಿ ಹಾರುವ ಮುಂಚೆ ಆಚೆ ಬದಿ ನೋಡಿ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಕಾಲು ಅಲ್ಲಾಡಿಸದೆ, 108ಕ್ಕೆ ಕರೆ ಮಾಡಿ, ನೇರ ದೊಡ್ಡ ಆಸ್ಪತ್ರೆಗೆ.

ದುಬಾರಿ ಶೂ ಬೇಕೇಬೇಕಾ?

ದುಬಾರಿ ಬೇಡ, ಹಲ್ಲಿರುವುದು ಬೇಕು. ಅಡಿಯಲ್ಲಿ 4–5 ಮಿಲಿಮೀಟರ್ ಎತ್ತರದ ಹಲ್ಲಿದ್ದರೆ ನಮ್ಮ ಕೆಂಪುಮಣ್ಣಿಗೆ ಸಾಕು. ನೀರು ಒಳಗೆ ಬಾರದ ಶೂ ಅಂತ ಮಾರುತ್ತಾರೆ, ಮಲೆನಾಡಿಗೆ ಅದು ದಂಡ. ನೀರು ಮೇಲಿನಿಂದ ಬಂದೇ ಬರುತ್ತೆ, ಆಮೇಲೆ ಹೊರಗೆ ಹೋಗಲ್ಲ. ಜಾಲರಿ ಬಟ್ಟೆಯದ್ದು ತಗೊಳ್ಳಿ. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಇರಲಿ, ಇಳಿಯುವಾಗ ಬೆರಳು ಮುಂದಕ್ಕೆ ಒತ್ತುತ್ತೆ. ಹಿಂದಿನ ರಾತ್ರಿ ಉಗುರು ಕತ್ತರಿಸಿ. ನನ್ನ ಎರಡು ಉಗುರು ಕಪ್ಪಾಗಿ ಬಿದ್ದ ಮೇಲೆ ಕಲಿತದ್ದು ಇದು.

ಇಳಿಯುವಾಗ ಮೊಣಕಾಲು ನೋವು. ಏನು ಮಾಡಲಿ?

ಹೆಜ್ಜೆ ಚಿಕ್ಕದು ಮಾಡಿ. ಹಿಂದಕ್ಕೆ ವಾಲಿ, ಹಿಮ್ಮಡಿ ಊರಿ ಬ್ರೇಕ್ ಹಾಕಿದರೆ ಪೆಟ್ಟೆಲ್ಲ ಮೊಣಕಾಲಿಗೆ. ಮೈ ಸ್ವಲ್ಪ ಮುಂದಕ್ಕೆ, ಕೈ ಅಗಲಕ್ಕೆ, ಕಣ್ಣು ಮೂರ್ನಾಲ್ಕು ಹೆಜ್ಜೆ ಮುಂದಕ್ಕೆ. ಹತ್ತುವಾಗ ಸುಸ್ತಾಗುತ್ತೆ, ಆದರೆ ಸ್ನಾಯು ಹರಿಯುವುದು ಇಳಿಯುವಾಗ. ತೊಡೆ ಉದ್ದವಾಗುತ್ತಾ ಭಾರ ತಡೆಯಬೇಕಾಗುತ್ತೆ, ಅದಕ್ಕೇ ಮಾರನೇ ದಿನಕ್ಕಿಂತ ಮೂರನೇ ದಿನ ಮೆಟ್ಟಿಲು ಇಳಿಯುವುದು ಕಷ್ಟ. ಅದು ತಾನಾಗೇ ಹೋಗುತ್ತೆ. ಕೀಲಿನ ಒಳಗೇ ಚುಚ್ಚುವ ನೋವಾದರೆ ಬೇರೆ ವಿಷಯ, ತೋರಿಸಿ.

ಮಂಜು ಕವಿದರೆ ದಾರಿ ಹೇಗೆ ಹುಡುಕೋದು?

ಒಮ್ಮೆ ಮುಳ್ಳಯ್ಯನಗಿರಿ ಪಕ್ಕದ ಸೀತಾಳಯ್ಯನಗಿರಿ ಆಚೆ ಹುಲ್ಲಿನ ಇಳಿಜಾರಿನಲ್ಲಿ ನಾನೇ ಕಳೆದುಹೋಗಿದ್ದೆ. ಸೆಪ್ಟೆಂಬರ್. ಹತ್ತು ನಿಮಿಷ ಮುಂಚೆ ಬಿಸಿಲಿತ್ತು. ಮಂಜು ಬಂದಾಗ ಚಾಚಿದ ಕೈ ಮಾತ್ರ ಕಾಣುತ್ತಿತ್ತು. ಕಾಲಡಿಯಲ್ಲಿ ಸ್ಪಷ್ಟವಾದ ದಾರಿ ಇತ್ತು, ಅದನ್ನೇ ಹಿಡಿದು ಹೋದೆ. ಅದು ದನದ ದಾರಿ. ದನಕ್ಕೆ ಶಿಖರ ಬೇಕಿಲ್ಲ, ಹುಲ್ಲು ಬೇಕು. ಗುಡ್ಡದ ಹೊಟ್ಟೆ ಸುತ್ತಿಕೊಂಡು ಹೋಗುತ್ತಲೇ ಇರುತ್ತೆ, ಎಲ್ಲಿಗೂ ಮುಟ್ಟುವುದಿಲ್ಲ. ಫೋನ್ ಚಾರ್ಜ್ ಎಲ್ಲ ಫೋಟೋಗೆ ಖರ್ಚಾಗಿತ್ತು. ಗಾಳಿಗೆ ಒದ್ದೆ ಬನಿಯನ್ ಮೈಗಂಟಿ ಹಲ್ಲು ಕಟಕಟ. ಎರಡು ಗಂಟೆ ಆದ ಮೇಲೆ ಕೆಳಗೆಲ್ಲೋ ಬಸ್ಸಿನ ಹಾರ್ನ್ ಕೇಳಿಸಿತು, ಆ ಕಡೆ ಇಳಿದೆ.

ಈಗ ಚೀಲದಲ್ಲಿ ತೆಳು ಗಾಳಿ ಕೋಟು, ಸೀಟಿ, ಸಣ್ಣ ಟಾರ್ಚ್ ಯಾವಾಗಲೂ ಇರುತ್ತೆ. ನಕ್ಷೆಯನ್ನು ನೆಟ್‌ವರ್ಕ್ ಇಲ್ಲದಿದ್ದರೂ ಕಾಣುವ ಹಾಗೆ ಮೊದಲೇ ಇಳಿಸಿಕೊಳ್ಳುತ್ತೇನೆ. ಮಂಜು ಬಂದರೆ ಬಂಡೆ ಮರೆಯಲ್ಲಿ ಕೋಟು ಹಾಕಿ ಕೂರುತ್ತೇನೆ. ಏಪ್ರಿಲ್, ಮೇ ಮಧ್ಯಾಹ್ನ ಗುಡುಗು ಶುರುವಾದರೆ ಮಾತ್ರ ಕೂರುವಂತಿಲ್ಲ. ಬೋಳು ನೆತ್ತಿಯಿಂದ ಕೆಳಗಿಳಿಯಲೇಬೇಕು. ಮಿಂಚಿಗೂ ಸದ್ದಿಗೂ ಮಧ್ಯೆ ಮೂರು ಸೆಕೆಂಡ್ ಇದ್ದರೆ ಸಿಡಿಲು ಒಂದು ಕಿಲೋಮೀಟರ್ ದೂರದಲ್ಲಿದೆ ಅಂತ ಲೆಕ್ಕ.

ಹುಲ್ಲಿನ ಮೇಲೆ ಅಡ್ಡದಾರಿ ಹಿಡಿದರೆ ಏನಾಗುತ್ತೆ?

ನಿಮ್ಮೊಬ್ಬರಿಂದ ಏನೂ ಆಗಲ್ಲ. ನಿಮ್ಮ ಹಿಂದೆ ಬರುವ ನೂರು ಜನರಿಂದ ಆಗುತ್ತೆ. ಆ ಹುಲ್ಲು, ಅದರ ಕೆಳಗಿನ ಮಣ್ಣು ಮಳೆನೀರು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಹಳ್ಳಕ್ಕೆ ಬಿಡುತ್ತೆ. ಸುತ್ತು ತಪ್ಪಿಸಲು ನೇರ ಇಳಿದ ಗೆರೆ ಒಂದೇ ಮಳೆಗಾಲದಲ್ಲಿ ಚರಂಡಿಯಾಗುತ್ತೆ. 2022ರಲ್ಲಿ ಗಿರಿಯಲ್ಲಿ ಕುರಿಂಜಿ ಅರಳಿದಾಗ ಜನ ಹೂವಿನ ನಡುವೆ ನುಗ್ಗಿ ಮಾಡಿದ ದಾರಿಗಳನ್ನು ನೋಡಿದರೆ ಗೊತ್ತಾಗುತ್ತಿತ್ತು.

ತಿನ್ನೋದು, ಕುಡಿಯೋದು?

ಒಂದು ಗಂಟೆ ಒಳಗಿನ ಓಟಕ್ಕೆ ನೀರು ಸಾಕು. ಅದಕ್ಕಿಂತ ಜಾಸ್ತಿಯಾದರೆ ಗಂಟೆಗೆ 30ರಿಂದ 60 ಗ್ರಾಂ ಹಿಟ್ಟು-ಸಕ್ಕರೆ ಅಂಶ ಹೊಟ್ಟೆಗೆ ಹೋಗಬೇಕು. ಎರಡು ಏಲಕ್ಕಿ ಬಾಳೆಹಣ್ಣು, ಒಂದು ಕಡಲೆಮಿಠಾಯಿ ಅಂದರೆ ಹೆಚ್ಚು ಕಮ್ಮಿ ಆ ಲೆಕ್ಕ. ಪ್ಯಾಕೆಟ್ ಜೆಲ್ ನನಗೆ ಒಗ್ಗಲ್ಲ. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣು. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯಬೇಡಿ, ರಕ್ತದ ಉಪ್ಪು ಇಳಿದರೆ ಅದೂ ಅಪಾಯ. ಬಾಯಾರಿಕೆಯಾದಾಗ ಕುಡಿಯಿರಿ.

ಸ್ಪರ್ಧೆ ಇದೆಯಾ?

ಇದೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾ ದೇಶದ ಓಟಗಾರರಿಗೆಲ್ಲ ಗೊತ್ತು. ಅಲ್ಟ್ರಾ ಅಂದರೆ ಮ್ಯಾರಥಾನ್‌ಗಿಂತ ಉದ್ದದ ಓಟ, ಅಲ್ಲಿ 50 ಕಿ.ಮೀ. ಕೂಡ ದೊಡ್ಡದಲ್ಲ. ಮೊದಲ ಸಲ ಓಡದೆ ಸ್ವಯಂಸೇವಕರಾಗಿ ಹೋಗಿ ನೀರು ಕೊಡಿ. ಕೊನೆಯಲ್ಲಿ ಬರುವವರ ಮುಖ ನೋಡಿ, ಆಮೇಲೆ ಹೆಸರು ಕೊಡಬೇಕಾ ಬೇಡವಾ ಅಂತ ಯೋಚನೆ ಮಾಡಿ.

ತೋಟದ ನಾಯಿ ಅಟ್ಟಿಸಿಕೊಂಡು ಬಂದರೆ?

ಓಟ ನಿಲ್ಲಿಸಿ, ನಡೆಯಿರಿ. ಓಡುವವನು ಅದರ ಕಣ್ಣಿಗೆ ಕಳ್ಳ. ಜೋರಾಗಿ ಮನುಷ್ಯರನ್ನು ಕೂಗಿ, ಯಾರಾದರೂ ಹೊರಗೆ ಬರುತ್ತಾರೆ.

ಒಬ್ಬರೇ ಹೋಗಬಹುದಾ?

ಊರ ಹತ್ತಿರದ ದಾರಿಗೆ ಹೋಗಿ. ಕಾಡಿನ ಅಂಚಿಗೆ ಕಡೇ ಪಕ್ಷ ಮೂವರು. ಒಬ್ಬನಿಗೆ ಕಾಲು ಉಳುಕಿದರೆ ಒಬ್ಬ ಜೊತೆಗಿರಬೇಕು, ಇನ್ನೊಬ್ಬ ನೆಟ್‌ವರ್ಕ್ ಸಿಗುವ ಕಡೆ ಓಡಿ 112ಕ್ಕೆ ಫೋನ್ ಮಾಡಬೇಕು. ಒಬ್ಬರೇ ಹೋಗುವುದಾದರೆ ದಾರಿ, ವಾಪಸಾಗುವ ಹೊತ್ತು ಮನೆಯಲ್ಲಿ ಬರೆದಿಟ್ಟು ಹೋಗಿ. ನಮ್ಮ ಮನೆಯಲ್ಲಿ ಗೋಡೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆಯುತ್ತೇನೆ: 'ಕೈಮರ, ಸೀತಾಳಯ್ಯನಗಿರಿ, ವಾಪಸ್, 11.' ಹನ್ನೊಂದು ದಾಟಿದರೆ ನನ್ನ ಹೆಂಡತಿ ನನಗೆ ಫೋನ್ ಮಾಡುವುದಿಲ್ಲ. ನೇರ ಕೈಮರದ ಟೀ ಅಂಗಡಿಯವರಿಗೆ ಮಾಡುತ್ತಾಳೆ. ಬಹಳ ಸಲ ನಾನು ಅಲ್ಲೇ ಕೂತಿರುತ್ತೇನೆ.